ಇಪ್ಪತ್ಮೂರನೇ ಪುಟ, ಎರಡನೇ ಪ್ಯಾರಾ

…ಅಲ್ಲಮ್ಮ, ನೀನು ಹೀಗೆ ನಿಂತೇ ಇದ್ರೆ ನಾನು ಹೇಗೆ ಮಾತಾಡ್ಲಿ? ಕೂತ್ಕೋ ಮೊದಲು. ಅಯ್ಯೋ, ಆ ಕುರ್ಚಿ ಬೇಡ, ಅದರ ಒಂದು ಕಾಲು ಆಡುತ್ತೆ. ಅದು ಸಹಿ ಕೇಳ್ಕೊಂಡು ಬರೋರಿಗೆ ಅಂತ ಇಟ್ಟಿರೋದು, ಬೇಗ ಎದ್ದು ಹೋಗ್ಲಿ ಅಂತ! ಹ್ಹ ಹ್ಹ… ಈ ಕಡೆ ಬಾ, ಮೆತ್ತೆ ಇರೋದ್ರಲ್ಲಿ ಕೂತ್ಕೋ. ಹಾಂ, ಹಾಗೆ. ಫ್ಯಾನ್ ಹಾಕ್ಲಾ? ಬೇಡ, ಬೇಡ, ಕಾಗದ ಎಲ್ಲ ಹಾರಿ ಹೋಗುತ್ತೆ.

ಏನ್ ಹೇಳ್ತಾ ಇದ್ದೆ? ಹಾಂ… ಬೇಜಾರು ಮಾಡ್ಕೋಬೇಡ ಅಂತ. ಒಂದು ಅರ್ಜಿ ಹೋಗ್ಲಿಲ್ಲ ಅಂದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ನಾನು ಈ ವಿಭಾಗಕ್ಕೆ ಬಂದು ಮೂವತ್ತೊಂದು ವರ್ಷ ಆಯ್ತು, ಎಷ್ಟು ಅನುದಾನಕ್ಕೆ ಅರ್ಜಿ ಹಾಕಿದ್ದೀನಿ ಗೊತ್ತಾ? ನೋಟಿಸ್ ಬೋರ್ಡಿಗೆ ಏನು ಅಂಟಿಸಿದ್ರೂ ಹಾಕಿದ್ದೀನಿ. ಕೋಳಿ ಸಾಕಣೆಯೋರು ಒಂದು ಸಲ ಕರೆದಿದ್ರು. ‘ಕೋಳಿ ಕೂಗಿನ ತರಂಗ ವಿಶ್ಲೇಷಣೆ’ ಅಂತ ಬರೆದು ಹಾಕ್ದೆ! ಕೋಳಿ ಕೂಗೋದು ಶಬ್ದ, ನಾವು ಶಬ್ದ ಓದ್ಕೊಂಡೋರು, ಇನ್ನೇನು ಬೇಕು? ನಗ್ಬೇಡ. ಅವರೂ ನಕ್ಕಿದ್ರು. ಕೊಡ್ಲಿಲ್ಲ.

ಅದೊಂದು ಕಾಲಂ ಇರುತ್ತಲ್ಲ, ‘ಇದರಿಂದ ಸಮಾಜಕ್ಕೆ ಆಗುವ ಪ್ರಯೋಜನ, ಮುನ್ನೂರು ಪದ ಮೀರದಂತೆ’ ಅಂತ. ಒಂದು ಸಲ ‘ಸದ್ಯಕ್ಕೆ ಗೊತ್ತಿಲ್ಲ’ ಅಂತ ಬರೆದಿದ್ದೆ. ಪ್ರಾಮಾಣಿಕವಾಗಿ! ಅರ್ಜಿ ವಾಪಸ್ ಬಂತು. ಅವತ್ತಿಂದ ಪ್ರಾಮಾಣಿಕತೆ ಬಿಟ್ಬಿಟ್ಟೆ. …ತಮಾಷೆಗೆ ಹೇಳ್ದೆ ಕಣಮ್ಮ. ಹಾಗೇನ್ ನೋಡ್ತೀಯ?

ನಿನ್ನ ಅರ್ಜಿ ವಿಷಯ ನಂಗೂ ಬೇಜಾರೇ. ಅಷ್ಟು ಚೆನ್ನಾಗಿ ಬರೆದಿದ್ದೆ. ಅರವತ್ತು ಶಾಲೆ ಸುತ್ತಿ, ಒಂದೊಂದು ಕ್ಲಾಸಲ್ಲೂ ಕಡೇ ಬೆಂಚಲ್ಲಿ ಕೂತು, ಮೀಟರ್ ಇಟ್ಕೊಂಡು… ಮೇಷ್ಟ್ರು ಹೇಳಿದ್ರಲ್ಲಿ ಅಲ್ಲಿ ಕೂತ ಮಗೂಗೆ ಎಷ್ಟು ಕೇಳ್ಸುತ್ತೆ ಅಂತ ಅಳೆಯೋದು! ಎಂಥಾ ಆಲೋಚನೆ! ‘ಕಡೇ ಬೆಂಚಿನ ಮಗು ದಡ್ಡ ಅಲ್ಲ, ಅವನಿಗೆ ಅರ್ಧ ಪದ ತಲುಪೋದೇ ಇಲ್ಲ.’ ಓದಿದಾಗ ಮೈ ಝುಂ ಅಂತು, ನಿಜವಾಗ್ಲೂ. ನಾನೂ ಚಿಕ್ಕೋನಿದ್ದಾಗ ಕಡೇ ಬೆಂಚೇ. ಆದ್ರೇನ್ ಮಾಡ್ಲಿ? ನಿಂಗೆ ಅವತ್ತೇ ಹೇಳಿದ್ನಲ್ಲ, ಕೊನೇ ದಿನ, ಸಂಜೆ ಕಾಲು ಗಂಟೆ ಬಾಕಿ ಇರುವಾಗ ಪೋರ್ಟಲ್ ಕೈ ಕೊಡ್ತು. ಆ ಚಕ್ರ ಸುತ್ತುತ್ತೆ, ಸುತ್ತುತ್ತೆ, ಸುತ್ತುತ್ತೆ… ವಿಭಾಗದ ಮುಖ್ಯಸ್ಥರ ಲಾಗಿನ್ನಿಂದಲೇ ಹೋಗ್ಬೇಕು ಅನ್ನೋ ನಿಯಮ ನಾನು ಮಾಡಿದ್ದಾ? ನಾನು ಈ ಕುರ್ಚೀಲಿ ಕೂತು ಹಣೆ ಹಣೆ ಚಚ್ಕೊಂಡೆ.

ವಯಸ್ಸಿನ ಮಿತಿ ಇತ್ತು, ಗೊತ್ತು. ಮೂವತ್ತೆಂಟು. ನಿಂಗೆ ಹೋದ ತಿಂಗಳು ದಾಟ್ತು, ಅದೂ ಗೊತ್ತು. ನಿನ್ನ ತಾತ್ಕಾಲಿಕ ಹುದ್ದೆ ಈ ತಿಂಗಳ ಕೊನೇಗೆ ಮುಗಿಯುತ್ತೆ ಅನ್ನೋದೂ ಗೊತ್ತು, ಆ ಪತ್ರಕ್ಕೆ ಸಹಿ ಹಾಕಿದ್ದೇ ನಾನಲ್ವಾ. ಅದಕ್ಕೇ ನಿನ್ನ ಕರೆಸಿದ್ದು! ನಿನ್ನ ಕೈ ಬಿಡ್ತೀನಾ? ಮಗಳ ಥರ ನೋಡ್ಕೊಂಡಿದ್ದೀನಿ ನಿನ್ನ. ಕೇಳು. ನಮಗೆ ಅನುದಾನ ಬರೋ ಹಾಗಿದೆ.

ಹಾಂ, ನಮಗೆ. ನಮ್ಮ ವಿಭಾಗಕ್ಕೆ. ನಮ್ಮ… ಅಂದ್ರೆ, ಅದೇ ಅನುದಾನದಲ್ಲಿ ಹಿರಿಯ ಸಂಶೋಧಕರಿಗೆ ಅಂತ ಇನ್ನೊಂದು ಬಗೆ ಇತ್ತು, ನೀನು ಗಮನಿಸಿರ್ತೀಯ. ಅದಕ್ಕೆ ನಾನೂ ಒಂದು ಹಾಕಿದ್ದೆ. ಸುಮ್ನೆ. ಹಾಕಿ ನೋಡೋಣ ಅಂತ. ನಂದು ಹೇಗೆ ಹೋಯ್ತು ಅಂತ ನಿನ್ನ ಮುಖ ಕೇಳ್ತಾ ಇದೆ. ನಂದು ಬೆಳಿಗ್ಗೇನೇ ಹೋಯ್ತಮ್ಮ. ಬೆಳಿಗ್ಗೆ ಪೋರ್ಟಲ್ ಚೆನ್ನಾಗೇ ಇತ್ತು.

ವಿಷಯಾನಾ? ವಿಷಯ ಬಂದು… ತರಗತಿ. ಶಬ್ದ. ಹಾಗೇ ಒಟ್ಟಾರೆ. ಒಂದೇ ವಿಭಾಗದಲ್ಲಿ ಇದ್ಮೇಲೆ ವಿಷಯ ಸ್ವಲ್ಪ ಆ ಕಡೆ ಈ ಕಡೆ ತಾಗುತ್ತಪ್ಪ! ದೃಷ್ಟಿಕೋನ ಬೇರೆ. ನಿಂದು ಕಡೇ ಬೆಂಚಿಂದ ನೋಡೋದು, ನಂದು ಕರೀ ಹಲಗೆ ಕಡೆಯಿಂದ.

ಅದಕ್ಕೆ ಸಂದರ್ಶನಕ್ಕೆ ಕರೆದ್ರು. ಹೋದ ವಾರ. ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಹೋದೆ. ನಿಮ್ಮ ಮೇಡಮ್ಮು, ‘ಮದುವೆಗೆ ಹಾಕಿದ್ದು, ಇನ್ನೂ ಗುಂಡಿ ಹಾಕೋಕಾಗುತ್ತಲ್ರೀ’ ಅಂದ್ಲು. ಐದು ಜನ ಕೂತಿದ್ರು. ಎಂಥಾ ಗೌರವ ಅಂತೀಯ! ನಾನು ಒಳಗೆ ಬರ್ತಿದ್ದ ಹಾಗೇ ಅಧ್ಯಕ್ಷೆ ಎದ್ದು ಬಂದು, ‘ಸರ್, ನಿಧಾನ, ನಿಧಾನ, ಕೂತ್ಕೊಳ್ಳಿ’ ಅಂತ ಕುರ್ಚಿ ಎಳೆದು ಕೊಟ್ರು. ಆಮೇಲೆ ಮೊದಲ ಪ್ರಶ್ನೇನೇ, ‘ಮಗು ಹೇಗಿದೆ?’

ನಮ್ಮ ಮಗಳಿಗೆ ಮಗು ಆಗಿರೋದು ಅವರಿಗೆ ಹೇಗೆ ಗೊತ್ತಾಯ್ತೋ! ನಂಗಂತೂ ಹೃದಯ ತುಂಬಿ ಬಂತು. ‘ಚೆನ್ನಾಗಿದೆ ಮೇಡಂ, ಎರಡು ಹಲ್ಲು ಬಂದಿದೆ’ ಅಂದೆ. ‘ಈ ವಯಸ್ಸಲ್ಲಿ ನಿಮಗೆ ಕಷ್ಟ ಆಗಿರ್ಬೇಕಲ್ವಾ?’ ಅಂದ್ರು. ‘ಕಷ್ಟ ಏನು ಬಂತು ಮೇಡಂ, ಆದ್ರೆ ಸೊಂಟ ಹಿಡ್ಕೊಂಡಿದೆ’ ಅಂದೆ. ಒಬ್ರಿಗೆ ನೀರು ನೆತ್ತಿಗೇರಿ ಕೆಮ್ಮಿದ್ದೇ ಕೆಮ್ಮಿದ್ದು. ಇನ್ನೊಬ್ರು ಕರ್ಚೀಫ್ ಮುಖಕ್ಕೆ ಇಟ್ಕೊಂಡು ಆಚೆಗೇ ಹೋದ್ರು…

ಯಾಕೆ? ಯಾಕೆ ನಗ್ತಿದ್ದೀಯ? ಇದ್ರಲ್ಲಿ ನಗೋಕೇನಿದೆ? …ಇವತ್ತು ನೀನು ಬಾಯ್ತುಂಬ ನಕ್ಕೆ, ಇರ್ಲಿ. ನಗು. ನೀನು ನಕ್ರೆ ನಂಗೆ ಸ್ವಲ್ಪ ಹಗುರ ಆಗುತ್ತೆ.

ಈಗ ನೋಡು, ವಿಷಯಕ್ಕೆ ಬರ್ತೀನಿ. ಬೆಳಿಗ್ಗೆ ಈ ಪತ್ರ ಬಂತು. ಒಂದೇ ಒಂದು ವಿವರಣೆ ಕೇಳಿದ್ದಾರೆ, ಅಷ್ಟು ಕೊಟ್ರೆ ಮುಗೀತು. ಇವತ್ತು ಐದು ಗಂಟೆಯೊಳಗೆ ಕೊಡ್ಬೇಕು. ಓದ್ತೀನಿ ಕೇಳು. ‘ಪುಟ ಇಪ್ಪತ್ಮೂರು, ಎರಡನೇ ಪ್ಯಾರಾ. ಎಂಟು ತಿಂಗಳ ಕಾಲ ಕ್ಷೇತ್ರಕಾರ್ಯ ನಿಂತಿದ್ದಕ್ಕೆ ಪ್ರಧಾನ ಸಂಶೋಧಕರು ನೀಡಿರುವ ಕಾರಣವನ್ನು ಅವರೇ ಸ್ವತಃ, ದಾಖಲೆ ಸಮೇತ, ಲಿಖಿತವಾಗಿ ದೃಢೀಕರಿಸತಕ್ಕದ್ದು.’ ಅಷ್ಟೇ! ನೀನು ನಾಲ್ಕು ಸಾಲು ಬರೆದು ಕೊಟ್ರೆ ನಾನು ಸಹಿ ಹಾಕಿ ಕಳಿಸ್ತೀನಿ. ಅನುದಾನ ಬಂದ ತಕ್ಷಣ ಮೊದಲ ನೇಮಕ ನಿಂದು. ಸಂಶೋಧನಾ ಸಹಾಯಕಿ. ಮೂರು ವರ್ಷ! ನಂಗೂ ಈ ರೂಮು ಉಳಿಯುತ್ತೆ. ಮುಂದಿನ ವರ್ಷ ನಿವೃತ್ತಿ ಅಲ್ವಾ, ಅನುದಾನ ಕೈಯಲ್ಲಿ ಇದ್ದೋರಿಗೆ ಮಾತ್ರ ಮುಂದುವರಿಕೆ ಕೊಡ್ತಾರೆ. ಇಲ್ಲಾಂದ್ರೆ ಈ ಬೀರು, ಈ ಮೇಜು, ಬಾಗಿಲ ಮೇಲಿನ ಹೆಸರು, ಎಲ್ಲ ಬೇರೆಯೋರಿಗೆ. ನಿಜ ಹೇಳ್ಬೇಕಂದ್ರೆ ಭಯ ಆಗುತ್ತೆ ಕಣಮ್ಮ. ಈ ರೂಮಲ್ಲಿ ನಾನು ಸರ್. ಮನೇಲಿ ನಾನು ‘ರೀ, ಗ್ಯಾಸ್ ಆಫ್ ಮಾಡಿ.’

ಬೇಡ, ಬೇಡ! ಫೈಲು ನನ್ನ ಹತ್ರಾನೇ ಇರ್ಲಿ. ನೀನ್ಯಾಕೆ ಅದನ್ನೆಲ್ಲ ತಿರುಗ್ಸೋಕೆ ಹೋಗ್ತೀಯ, ಕೈ ಧೂಳಾಗುತ್ತೆ. ಕಾರಣ ಒಂದು ಹೇಳು ಸಾಕು. ಎಂಟು ತಿಂಗಳು ಯಾಕೆ ನಿಂತಿತ್ತು? ಮೀಟರ್ ರಿಪೇರಿಗೆ ಹೋಗಿತ್ತಾ? ಶಾಲೆಗೆ ರಜಾನಾ? ಎಂಟು ತಿಂಗಳು ಯಾವ ಶಾಲೆಗೂ ರಜಾ ಇರಲ್ಲ. ಅನುಮತಿ ಪತ್ರ ಬಂದಿರ್ಲಿಲ್ವಾ? ಹೇಳಮ್ಮ, ಶಾಲೆಗಳಿಗೆ ಹೋಗ್ತಿದ್ದೋಳು ನೀ—

ಅಂದ್ರೆ, ಇದೇ ಥರದ ಕೆಲಸ ನೀನೂ ಮಾಡಿದ್ದೀಯಲ್ಲ, ನಿಂಗೆ ಅಂದಾಜು ಇರುತ್ತೆ, ಅದಕ್ಕೆ ಕೇಳ್ದೆ.

ಮಾತಾಡೇ. ಯಾಕೆ ಹಾಗೆ ಸುಮ್ನೆ ಕೂತಿದ್ದೀಯ? ನಾನು ಇಪ್ಪತ್ತೆರಡು ಪುಟದವರೆಗೂ ಅಕ್ಷರ ಅಕ್ಷರ ಓದಿದ್ದೀನಿ. ಅಷ್ಟರಲ್ಲಿ ಊಟಕ್ಕೆ ಕರೆದ್ರು. ಊಟ ಆದ್ಮೇಲೆ ಕಣ್ಣು ಎಳೀತು. ಸರಿ, ಸರಿ, ನಾನೇ ಓದ್ತೀನಿ, ಬಿಡು. ಕನ್ನಡಕ ಎಲ್ಲಿ… ಹಣೆ ಮೇಲಿದೆಯಾ, ಹಾಂ. ಇಪ್ಪತ್ತು… ಇಪ್ಪತ್ತೆರಡು… ಇಗೋ. ಎರಡನೇ ಪ್ಯಾರಾ. ‘ಮೂವತ್ತನಾಲ್ಕನೇ ಶಾಲೆಯ ಅಳತೆ ಮುಗಿಸಿದ ನಂತರ ಎಂಟು ತಿಂಗಳು ಕ್ಷೇತ್ರಕಾರ್ಯ ನಿಂತಿತು. ಈ ಅವಧಿಯಲ್ಲಿ ನಾನು ಹೆರಿಗೆ…’

…

‘…ನಾನು ಹೆರಿಗೆ ರಜೆಯಲ್ಲಿದ್ದೆ. ಆಮೇಲಿನ ಇಪ್ಪತ್ತಾರು ಶಾಲೆಗಳಿಗೆ ಮಗುವನ್ನು ಎತ್ತಿಕೊಂಡೇ ಹೋದೆ. ಅದು ಅತ್ತಾಗ ಬಂದ ಅಳತೆಗಳನ್ನು ಲೆಕ್ಕದಿಂದ ಬಿಟ್ಟಿದ್ದೇನೆ.’

ಅಯ್ಯೋ.

ಅಯ್ಯಯ್ಯೋ… ‘ಮಗು ಹೇಗಿದೆ’ ಅಂದ್ರಲ್ಲ… ಹಲ್ಲು ಬಂದಿದೆ ಅಂದ್ನಲ್ಲ ನಾನು… ಸೊಂಟ ಅಂದ್ನಲ್ಲ!

ನಗ್ಬೇಡ. ಅಲ್ಲ, ನೀನು ನಗ್ತಾ ಇಲ್ಲ. ನಕ್ಕುಬಿಡಮ್ಮ, ಪರವಾಗಿಲ್ಲ, ಇದು ಟೈಪಿಂಗ್ ತಪ್ಪು, ಎಲ್ಲೋ ಎರಡು ಕಡತ ಸೇರ್ಕೊಂಡು… ಕಂಪ್ಯೂಟರ್ ಅಂದ್ಮೇಲೆ… ಹಾಗೆ ನೋಡ್ಬೇಡ ನನ್ನ. ನಾನು ‘ಸಂಶೋಧಕಿ’ ಅಂತ ಇದ್ದ ಕಡೆ ಎಲ್ಲ ‘ಸಂಶೋಧಕ’ ಅಂತ ಮಾಡ್ದೆ. ಒಂದೇ ಗುಂಡಿ ಒತ್ತಿದ್ದು. ‘ನಲವತ್ತೊಂದು ಕಡೆ ಬದಲಾಯಿಸಲಾಗಿದೆ’ ಅಂತ ಬಂತು, ಖುಷಿ ಆಯ್ತು. ‘ನಾನು’ ಅಂತ ಇದ್ದ ಕಡೆ ಕೈ ಹಾಕ್ಲಿಲ್ಲ. ಅದ್ಯಾಕೆ ಬದಲಾಯಿಸ್ಬೇಕು? ‘ನಾನು’ ಅನ್ನೋದು ಯಾರ ಬಾಯಿಗಾದ್ರೂ ಹೊಂದುತ್ತೆ, ಗಂಡೂ ಅಲ್ಲ ಹೆಣ್ಣೂ ಅಲ್ಲ…

ಹೇಳ್ಬಿಟ್ನಾ? ನಾನೇ ಹೇಳ್ಬಿಟ್ಟೆ ಅಲ್ವಾ.

ನಿಂಗೆ ಮೊದಲೇ ಗೊತ್ತಿತ್ತು. ‘ಮಗು ಹೇಗಿದೆ’ ಅಂದಾಗಲೇ ನಕ್ಕೆ ನೀನು… ಅಲ್ಲ, ಅದಕ್ಕೂ ಮುಂಚೆ. ಬಾಗಿಲಲ್ಲಿ ನಿಂತಾಗಲೇ ಗೊತ್ತಿತ್ತು. ಒಂದು ಮಾತು ಬೈಬಾರ್ದಾ? ಬೈದಿದ್ರೆ ನಾನೂ ತಿರುಗಿ ಏನಾದ್ರೂ ಅಂತಿದ್ದೆ, ಜಗಳ ಆಗಿ ಮುಗೀತಿತ್ತು. ನೀನು ಸುಮ್ನೆ ಕೂತೆ. ಕೂತು ಕೂತು ನನ್ನ ಬಾಯಿಂದ್ಲೇ ಎಲ್ಲ ಹೇಳಿಸ್ದೆ.

ಈಗ ಯಾಕೆ ಆ ಡ್ರಾಯರ್ ನೋಡ್ತಿದ್ದೀಯ? ಹೂಂ. ಅದ್ರಲ್ಲೇ ಇದೆ. ನಿನ್ನ ಅರ್ಜಿ. ಪೋರ್ಟಲ್ ಎಲ್ಲೂ ನಿಂತಿರ್ಲಿಲ್ಲಮ್ಮ, ಚೆನ್ನಾಗೇ ಓಡ್ತಿತ್ತು. ಒಂದೇ ವಿಷಯಕ್ಕೆ ಎರಡು ಹೋದ್ರೆ ಸಿಕ್ಕಿಹಾಕ್ಕೊಳ್ತೀನಿ ಅಂತ ನಿಂದು ಕಳಿಸ್ಲಿಲ್ಲ. ಮೂವತ್ತೊಂದು ವರ್ಷ ಓದದೇ ಸಹಿ ಹಾಕಿದ್ದೀನಿ ಎಲ್ಲದಕ್ಕೂ. ನಿನ್ನ ಹೆರಿಗೆ ರಜಾ ಅರ್ಜಿಗೂ ಓದದೇ ಹಾಕಿದ್ದು, ಓದಿದ್ರೆ ನೆನಪಿರ್ತಿತ್ತೇನೋ. ಓದಿ ಸಹಿ ಹಾಕದೇ ಇಟ್ಕೊಂಡಿದ್ದು ಇದೊಂದೇ. ಅಷ್ಟು ಚೆನ್ನಾಗಿತ್ತು ಅದು. ನಾಚಿಕೆ ಆಗುತ್ತೆ.

ವಯಸ್ಸು ವಾಪಸ್ ಕೊಡೋಕಾಗಲ್ಲ ನಂಗೆ. ಅದನ್ನ ನೀನು ಹೇಳ್ಬೇಕಾಗಿಲ್ಲ.

ಇದೇನು? ಬಿಳೀ ಹಾಳೆ ಯಾಕೆ ಈ ಕಡೆ ತಳ್ತಿದ್ದೀಯ? ವಿವರಣೆ… ನಾನೇ ಬರೀಬೇಕಾ? ‘ಅವರೇ ಸ್ವತಃ’ ಅಂತ ಇದೆ, ಹೌದು. ಕೊಡು. ಇವತ್ತೇ ಐದರೊಳಗೆ. ಈಗ… ನಾಲ್ಕೂ ಇಪ್ಪತ್ತು.

‘ಮಾನ್ಯರೇ, ನಾನು…’ ನಾನು… ನೋಡು, ಯಾರ ಬಾಯಿಗಾದ್ರೂ ಹೊಂದುತ್ತೆ ಅಂದ್ನಲ್ಲ, ಬರ್ತಾ ಇಲ್ಲ. ಸ್ವಲ್ಪ ಹೇಳ್ಕೊಡೇ. ಬೇಡ್ವಾ? ಸರಿ. ‘ಮಾನ್ಯರೇ, ನಾನು ಈ ಕೆಲಸವನ್ನು ಎಂಟು ತಿಂಗಳು ನಿಲ್ಲಿಸಿದ್ದಕ್ಕೆ ಕಾರಣ… ಕಾರಣ, ನಾನು ಅದನ್ನು ಶುರುವೇ ಮಾಡಿರಲಿಲ್ಲ. ಮಾಡಿದವರ ಹೆಸರು ಕೆಳಗಿದೆ.’ …ಕೆಳಗೆ ನಿನ್ನ ಹೆಸರು. ಸ್ಪೆಲ್ಲಿಂಗ್ ಸರಿ ಇದೆಯಾ ನೋಡು. ಹಾಂ.

ಇನ್ನು ಸಹಿ.

ಎಲ್ಲಿಗೆ ಎದ್ದೆ? ಕೂತ್ಕೋ. ಬೇಡಮ್ಮ, ಕೂತ್ಕೋ, ಸಹಿ ಹಾಕೋವರೆಗೂ ಕೂತಿರು. ಏನೂ ಮಾತಾಡ್ಬೇಡ, ಇಷ್ಟು ಹೊತ್ತು ಕೂತಿದ್ಯಲ್ಲ, ಹಾಗೇ ಕೂತಿರು. ನೀನು ಬಾಗಿಲು ದಾಟಿದ್ರೆ ನಾನು ಇದನ್ನ ಹರಿದು ಹಾಕ್ತೀನಿ. ನಂಗೆ ನಾನು ಗೊತ್ತು.