ಸರಪಳಿಯ ಮುಂದಿನ ತುದಿ

ದೀಪ ಸ್ವಲ್ಪ ಸಣ್ಣಗೆ ಮಾಡಿ... ಹಾಂ, ಸಾಕು. ನಾನು ಮೂವತ್ತು ವರ್ಷ ಹಾಸನದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ದೆವ್ವ ಅಂದವರ ಕಿವಿ ಹಿಂಡಿದವನು. ಆದರೂ ಇದೊಂದು ಹೇಳ್ತೀನಿ. ನನ್ನ ಚಿಕ್ಕಪ್ಪನ ಮಗ ಶಾಂತಿರಾಜನಿಗೆ ಆದದ್ದು. ನಂಬದವರು ಈಗಲೇ ಹೋಗಿ ಮಲಗಿ, ನನಗೇನೂ ಬೇಜಾರಿಲ್ಲ.

ಅರವತ್ತೆರಡನೇ ಇಸವಿ. ಶಾಂತಿರಾಜ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿ ನಮ್ಮ ಮನೆಯಲ್ಲೇ ಇದ್ದ. ಚಿಕ್ಕಪ್ಪ ಪದ್ಮರಾಜಯ್ಯನವರಿಗೆ ಶ್ರವಣಬೆಳಗೊಳದಲ್ಲಿ ಹಿತ್ತಾಳೆ ಪಾತ್ರೆ ಅಂಗಡಿ. “ಓದ್ತೀಯಾ? ಓದು. ಒಂದು ವರ್ಷ ಫೇಲಾದ್ರೂ ಅಂಗಡಿಗೆ ಬಂದು ಕೂರ್ಬೇಕು” ಅಂತ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದರು. ಹುಡುಗ ಅಂಗಡಿ ಅಂದರೆ ಅಳುವುದೊಂದು ಬಾಕಿ. ಅಣೆಕಟ್ಟು ಕಟ್ತೀನಿ ಅಂತ ಕನಸು.

ಮೊದಲ ವರ್ಷದವರಿಗೆ ಸರಪಳಿ ಹಿಡಿದು ನೆಲ ಅಳೆಯುವ ಪಾಠ. ನೂರಡಿ ಕಬ್ಬಿಣದ ಸರಪಳಿ, ಎರಡು ತುದಿಗೂ ಹಿತ್ತಾಳೆ ಹಿಡಿ. ಮುಂದಿನವನು ಎಳೆದುಕೊಂಡು ಹೋಗಿ ನೂರಡಿಗೊಂದು ಕಬ್ಬಿಣದ ಕಡ್ಡಿ ನೆಡಬೇಕು, “ಸರಿ” ಅಂತ ಕೂಗಬೇಕು. ಹಿಂದಿನವನು ಆ ಕಡ್ಡಿ ಸಿಗುವವರೆಗೂ ಸರಪಳಿಯ ಹಿಂದೆಯೇ ನಡೆಯಬೇಕು. ಲೆಕ್ಚರರ್ ಸಂಪತ್ಕುಮಾರ್ ಮೊದಲ ದಿನವೇ ಹೇಳಿದ್ದರಂತೆ: “ಮುಂದಿನವನು ಸರಿ ಅನ್ನೋವರೆಗೂ ಹಿಂದಿನವನು ಹಿಡಿ ಬಿಡಬಾರದು. ಪ್ರಾಣ ಹೋದರೂ ಬಿಡಬಾರದು.” ತಮಾಷೆಗೆ ಹೇಳಿದ ಮಾತು. ಇವನು ಅದನ್ನು ಎದೆಯಲ್ಲಿ ಕೊರೆದುಕೊಂಡ.

ಒಂದು ಸಂಜೆ ಅಳತೆ ಮುಗಿಸುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಒಂದೇ ಒಂದು ಗೆರೆ ಬಾಕಿ. ರಸ್ತೆ ಕಲ್ಲಿನಿಂದ ಆಲದ ಮರದವರೆಗೆ, ಪಾಳುಬಾವಿಯ ಪಕ್ಕದಲ್ಲೇ. ನಮ್ಮ ಜೈನರಲ್ಲಿ ಗೊತ್ತಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಲ್ಲ. ಮನೆಯಲ್ಲಿ ನನ್ನ ಹೆಂಡತಿ ವಸಂತಮ್ಮ ಎಲೆ ಹಾಕಿಕೊಂಡು ಬಾಗಿಲು ಕಾಯುತ್ತಿರುತ್ತಾಳೆ. ಶಾಂತಿರಾಜ ಬಾವಿಯ ಕಡೆ ನೋಡಿದ, ಸೂರ್ಯನ ಕಡೆ ನೋಡಿದ... ಮುನ್ನೂರ ನಲವತ್ತು ಅಡಿ ಅಂತ ಕಣ್ಣಂದಾಜಿನಲ್ಲಿ ಪುಸ್ತಕಕ್ಕೆ ಬರೆದು ಮನೆಗೆ ಓಡಿಬಂದ. ಊಟ ಸಿಕ್ಕಿತು.

ಸಂಪತ್ಕುಮಾರರು ನಕ್ಷೆ ಎಳೆಸಿ ನೋಡಿದರೆ ಗೆರೆ ಗೆರೆಗೆ ಕೂಡುತ್ತಿಲ್ಲ. “ನಾಳೆ ಬೆಳಗ್ಗೆ ಎಂಟಕ್ಕೆ ಸರಿಯಾದ ಅಳತೆ ತರಬೇಕು. ಇಲ್ಲದಿದ್ದರೆ ಈ ವರ್ಷ ನಿಮಗೆ ಇಲ್ಲ” ಅಂದುಬಿಟ್ಟರು.

ಆ ದಿನ ಐದೂವರೆಯವರೆಗೂ ಬೇರೆ ತರಗತಿ. ಸರಪಳಿ ಕೈಗೆ ಸಿಕ್ಕಿ, ಶಾಂತಿರಾಜ ಮತ್ತು ಜೊತೆಗಾರ ಪುಟ್ಟರಾಜು ಆಲದ ಮರದ ಹತ್ತಿರ ಹೋಗುವಾಗ ಕತ್ತಲು. ಪುಟ್ಟರಾಜು ಅರಕಲಗೂಡು ಕಡೆಯ ಒಕ್ಕಲು ಹುಡುಗ, ಗಟ್ಟಿ ಆಳು. ಅವನೇ ಮುಂದೆ. ಇವನು ಹಿಂದೆ.

“ಬೇಗ್ ಮುಗ್ಸಾನ ಕಣ್ಲಾ. ಈ ಜಾಗ ನಂಗೆ ಸರಿಬತ್ತಿಲ್ಲ,” ಅಂದ ಪುಟ್ಟರಾಜು, ಮೆಲ್ಲಗೆ.

ಮೊದಲ ನೂರಡಿ ಆಯಿತು. ಕಿಣಿ ಕಿಣಿ ಕಿಣಿ ಅಂತ ಸರಪಳಿ ಹುಲ್ಲಿನ ಮೇಲೆ ಹರಿಯಿತು. “ಸರಿ!” ಎರಡನೆಯದೂ ಆಯಿತು. “ಸರಿ!”

ಸರಪಳಿ ಮತ್ತೆ ಹೊರಟಿತು. ಶಾಂತಿರಾಜ ಹಿಡಿ ಹಿಡಿದು ನಡೆದ. ನೂರಡಿಗೆ ಅವನ ಹೆಜ್ಜೆ ನಲವತ್ತು. ಎಣಿಸುತ್ತಿದ್ದ. ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು. ಕಾಲಿಗೆ ಕಡ್ಡಿ ಸಿಗಲಿಲ್ಲ.

“ಸಾಕಾ?” ಅಂತ ಕೂಗಿದ.

“ಇನ್ನೂ...” ಅಂತು ಮುಂದುಗಡೆಯಿಂದ ದನಿ. ಬಹಳ ಮೆಲ್ಲಗೆ.

ಐವತ್ತು. ಸರಪಳಿ ನೇರ ಹೋಗದೆ ಬಲಕ್ಕೆ ಎಳೆಯುತ್ತಿತ್ತು. ಕತ್ತಲಲ್ಲಿ ಪುಟ್ಟರಾಜು ದಾರಿ ತಪ್ಪಿದ ಅಂದುಕೊಂಡ.

“ಪುಟ್ಟರಾಜು, ಸಾಕಾ?”

“ಇನ್ನೂ... ಬಾ...”

ಅರವತ್ತು. ಈಗ ಕಿಣಿಕಿಣಿ ನಿಂತು ಕರ್... ಕರ್... ಅಂತ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು. ಆಗ ಬೆನ್ನ ಹಿಂದೆ, ದೂರದಿಂದ, ಪುಟ್ಟರಾಜುವಿನ ದನಿ ಕೇಳಿತು.

“ಲೇ ಶಾಂತೀ... ಎತ್ಲಾಗೋಯ್ತಿದ್ದೀಯಲಾ? ಕಾಲ್ಗೆ ಮುಳ್ ಚುಚ್ಚೈತೆ. ಹಿಡಿ ಬುಟ್ಟು ಎರಡ್ನೇ ಕಡ್ಡಿ ತಾವೇ ಕುಂತಿವ್ನಿ!”

ಶಾಂತಿರಾಜನ ಕಾಲು ತಣ್ಣನೆಯ ಕಲ್ಲಿಗೆ ತಾಗಿತು. ಬಾವಿಯ ಕಟ್ಟೆ. ಸರಪಳಿ ಅವನ ಕೈಯಿಂದ ಬಾವಿಯೊಳಕ್ಕೆ ಇಳಿದಿತ್ತು. ಜೋಲಾಡುತ್ತಿರಲಿಲ್ಲ... ಬಿಗಿಯಾಗಿತ್ತು. ಕೆಳಗಿನಿಂದ ಯಾರೋ ಎಳೆದು ಹಿಡಿದಿದ್ದರು.

ಬಿಡಬೇಕಿತ್ತು ಅಲ್ಲವೇ? ನಾವು ನೀವಾಗಿದ್ದರೆ ಬಿಡುತ್ತಿದ್ದೆವು. ಇವನ ತಲೆಯಲ್ಲಿ ಸಂಪತ್ಕುಮಾರರ ಮಾತು. ಮುಂದಿನವನು ಸರಿ ಅಂದಿಲ್ಲ. ಸರಪಳಿ ಹೋದರೆ ನಾಳೆ ಅಳತೆಯಿಲ್ಲ, ಅಳತೆಯಿಲ್ಲದಿದ್ದರೆ ವರ್ಷ ಇಲ್ಲ. ಎರಡೂ ಕೈಯಲ್ಲಿ ಹಿಡಿದು ಕಟ್ಟೆಗೆ ಮಂಡಿ ಕೊಟ್ಟು ನಿಂತ. ಮಂಡಿ ತರಚುತ್ತಿತ್ತು. ಒಂದೊಂದೇ ಅಂಗುಲ ಬಗ್ಗುತ್ತಿದ್ದ.

ಪುಟ್ಟರಾಜು ಕುಂಟುತ್ತಾ ಓಡಿಬಂದು ಸೊಂಟ ಹಿಡಿದ. “ಬುಡ್ಲಾ! ಕೈ ಬುಡ್ಲಾ!” ಇವನು ಬಿಡಲಿಲ್ಲ. ಕೊನೆಗೆ ಪುಟ್ಟರಾಜು ಅವನ ಮಣಿಕಟ್ಟು ಕಚ್ಚಿದ. ಆಗ ಬೆರಳು ಬಿಚ್ಚಿತು.

ಟಣ್... ಟಣ್... ಟಣ್... ಹೊರಗೆ ಉಳಿದಿದ್ದ ಮೂರ್ನಾಲ್ಕು ಕೊಂಡಿ ಒಂದೊಂದೇ ಕಟ್ಟೆ ದಾಟಿ ಒಳಗೆ ಹೋಯಿತು. ಅವಸರವೇ ಇಲ್ಲ. ಆಮೇಲೆ ಸದ್ದು ನಿಂತಿತು. ನೀರಿಗೆ ಬಿದ್ದ ಸದ್ದು ಬರಲಿಲ್ಲ. ಇಬ್ಬರೂ ಕಿವಿಗೊಟ್ಟರು.

ಕೆಳಗಿನಿಂದ, ನಿಧಾನವಾಗಿ...

“ಸರಿ.”

ಎಂಟು ಗಂಟೆಗೆ ಇಬ್ಬರೂ ನಮ್ಮ ಬಾಗಿಲಲ್ಲಿ. ವಸಂತಮ್ಮ ಬೈಯಲು ಬಾಯಿ ತೆಗೆದವಳು ಅವನ ಮುಖ ನೋಡಿ ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು. “ಅತ್ತಿಗೆ... ಬಾಗಿಲು ಹಾಕಿ” ಅಂದ, ಅಷ್ಟೇ. ರಾತ್ರಿಯಿಡೀ ಗೋಡೆಗೊರಗಿ ಕೂತಿದ್ದ. ನಾನು ಬುದ್ಧಿವಂತ, “ಹಸಿದ ಹೊಟ್ಟೆಗೆ ಭ್ರಮೆ” ಅಂದೆ. ನನ್ನ ಬಾಯಿಗಿಷ್ಟು...

ಬೆಳಗ್ಗೆ ಏಳಕ್ಕೇ ನಾನು ಹೋಗಿ ಸಂಪತ್ಕುಮಾರರಿಗೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಪಾತಾಳಗರಡಿ ತರಿಸಿದರು, ಬಿದ್ದ ಕೊಡ ತೆಗೆಯುವ ಕೊಕ್ಕೆ ಇದೆಯಲ್ಲ, ಅದು. ಹಗ್ಗ ಬಿಟ್ಟು ನೋಡಿದರೆ ಬಾವಿಯ ಆಳ, ಕೆಸರಿನವರೆಗೂ ಸೇರಿ, ಇಪ್ಪತ್ತನಾಲ್ಕು ಅಡಿ. ಬಿಗಿಯಾಗಿ ಇಳಿದಿದ್ದ ನೂರಡಿ ಸರಪಳಿಗೆ ಅಲ್ಲಿ ಜಾಗವೆಲ್ಲಿ? ಅವರು ಹಗ್ಗವನ್ನು ಇನ್ನೊಂದು ಸಲ ಅಳೆದರು. ಅಷ್ಟೇ ಬಂತು.

ಸರಪಳಿ ಮೇಲೆ ಬಂತು. ಅವರು ನನ್ನ ಜೊತೆ ಬಂದಿದ್ದ ಶಾಂತಿರಾಜನ ಭುಜ ತಟ್ಟಿದರು. “ಸುಳ್ಳು ಬರೆದದ್ದು ಮನ್ನಿಸ್ತೀನಿ. ಹಗಲಿದೆ, ನಾನೇ ಮುಂದೆ ಹೋಗ್ತೀನಿ. ನೀನು ಹಿಂದಿನ ಹಿಡಿ ಹಿಡಿ. ಐದು ನಿಮಿಷದ ಕೆಲಸ, ನಿನ್ನ ವರ್ಷ ಉಳಿಯುತ್ತೆ.”

ಹುಡುಗ ಹಿಡಿ ತೆಗೆದುಕೊಂಡ. ಅವರು ನೂರಡಿ ಹೋಗಿ ಕಡ್ಡಿ ನೆಟ್ಟು, “ಸರಿ!” ಅಂತ ಕೂಗಿದರು.

ಶಾಂತಿರಾಜ ಹಿಡಿಯನ್ನು ನೆಲದ ಮೇಲೆ ಇಟ್ಟ. ಎಸೆಯಲಿಲ್ಲ, ಮೆಲ್ಲಗೆ ಇಟ್ಟ. “ಅಣ್ಣ, ನನ್ನ ಕೈಲಾಗಲ್ಲ” ಅಂದ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದ. ಚಿಕ್ಕಪ್ಪ ತೀರಿಕೊಂಡ ಮೇಲೂ ಅಂಗಡಿಯಲ್ಲಿ ಅವನೇ ಕೂರುತ್ತಿದ್ದ. ಪುಟ್ಟರಾಜು ಇಂಜಿನಿಯರಾದ. ಅವತ್ತಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಇನ್ನೊಂದು ಮಾತು. ಅದನ್ನು ನಾನು ಶಾಂತಿರಾಜನಿಗೂ ಹೇಳಲಿಲ್ಲ. ಬಾವಿಯಿಂದ ಸರಪಳಿ ಎಳೆದವರಲ್ಲಿ ನಾನೂ ಒಬ್ಬ. ಕಾರ್ತಿಕದ ಚಳಿ, ಬಿಸಿಲು ಇನ್ನೂ ಮರ ದಾಟಿರಲಿಲ್ಲ. ಕೊಂಡಿ ಕೊಂಡಿಯೂ ಮಂಜಿನಂತೆ ಕೊರೆದು ನನ್ನ ಬೆರಳು ಮರಗಟ್ಟಿತ್ತು. ಕೊನೆಗೆ ಮುಂದಿನ ತುದಿಯ ಹಿಡಿ ಕೈಗೆ ಬಂತು.

ಅದು ಒಣಗಿತ್ತು. ಬೆಚ್ಚಗಿತ್ತು... ಆಗಷ್ಟೇ ಯಾರೋ ಕೈಬಿಟ್ಟ ಹಾಗೆ. ಇದೇ ಕೈ, ನೋಡಿ. ಇದೇ ಕೈಯಲ್ಲಿ ಮುಟ್ಟಿದ್ದೇನೆ.