ಅಳಿಸಿಹೋದ ಗಡಿ

ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಪ್ರೊಫೆಸರರೂ, ಪಿಎಚ್.ಡಿ. ಪ್ರಬಂಧದ ಕಟ್ಟನ್ನು ಕೂಸಿನಂತೆ ಎದೆಗವಚಿಕೊಂಡ ಅವರ ವಿದ್ಯಾರ್ಥಿನಿಯೂ ನಿಂತಿದ್ದರು.

“ಸರ್, ಆ ಗಡಿ ಇಲ್ಲವೇ ಇಲ್ಲ.”

“ಯಾವ ಗಡಿಯಮ್ಮಾ?”

“ಒಂದು ಕಡೆ ಎಂಟ್ರೊಪಿ ಏರ್ತಾನೇ ಹೋಗುತ್ತೆ, ಇನ್ನೊಂದು ಕಡೆ ನಿಂತುಬಿಡುತ್ತೆ, ಸ್ಥಿತಿ ಬದಲಾಗೋದು ಅಲ್ಲೇ ಅಂತ ಪ್ರಬಂಧದಲ್ಲಿ ಬರೆದಿದ್ದೀನಲ್ಲ, ಅದು. ನಿನ್ನೆ ಕಂಪ್ಯೂಟರಿಗೆ ದಶಾಂಶ ಸ್ಥಾನ ಹೆಚ್ಚು ಕೊಟ್ಟು ನೋಡಿದೆ. ಗಡಿ ಮಾಯ.”

“ಅಂದ್ರೆ?”

“ಕಂಪ್ಯೂಟರ್ ಕೊನೆಯ ಅಂಕಿಗಳನ್ನ ಕತ್ತರಿಸಿ ಹಾಕಿದ ಬರೀ ರೌಂಡಿಂಗ್ ತಪ್ಪು ಸರ್. ನಾನ್-ಹರ್ಮಿಷಿಯನ್ ಮ್ಯಾಟ್ರಿಕ್ಸ್ ಸಾಸಿವೆಯಷ್ಟು ತಪ್ಪನ್ನ ಸಾಗರ ಮಾಡುತ್ತೆ ಅಂತ ಕ್ಲಾಸಲ್ಲಿ ಹೇಳಿದ್ದು ನೀವೇ.”

“ಹೇಳಿದ್ದೆ, ಹೇಳಿದ್ದೆ. ಪರೀಕ್ಷಕರು ಇಷ್ಟೆಲ್ಲ ಕೆದಕಲ್ಲ. ಸುಮ್ನೆ ಬೈಂಡ್ ಮಾಡಿಸು.”

“ಕ್ವಾಂಟಮ್ ಲೋಕದ ಗುಣ ಅಂದ್ಕೊಂಡು ಐದು ವರ್ಷ ಕಂಪ್ಯೂಟರಿನ ಸೋಮಾರಿತನ ಅಳೆದಿದ್ದೀನಿ ಸರ್.”

“ಪ್ರೋಗ್ರಾಂ ಬರೆಯೋವಾಗ ಕಣ್ಣಿಟ್ಟು ನೋಡ್ಬೇಕಿತ್ತು.”

“ಪ್ರೋಗ್ರಾಂ ನಿಮ್ಮದೇ ಸರ್. ನಿಮಗೆ ಹೆಸರು ತಂದ ರಿಸರ್ಚ್ ಪೇಪರಿಗೆ ಬರೆದಿದ್ದು.”

ಸಾಲು ಮುಂದೆ ಸರಿಯಿತು. ಅವರಿಬ್ಬರೂ ಸರಿಯಲಿಲ್ಲ.

“ಆ ಪೇಪರಿನ ಗಡಿ ಉಳಿದಿದೆ ತಾನೆ?”

“ಇಲ್ಲ ಸರ್. ಮೊದಲು ನೋಡಿದ್ದೇ ಅದನ್ನ.”

“ರಟ್ಟು ಯಾವ ಬಣ್ಣ?” ಅಂಗಡಿಯವನು ಕೂಗಿದ.

ಪ್ರೊಫೆಸರರು ಅವಳ ಕೈಯಿಂದ ಕಟ್ಟನ್ನು ತೆಗೆದುಕೊಂಡು, ಅವಳಂತೆಯೇ ಎದೆಗವಚಿಕೊಂಡು, ಬಾಗಿಲ ಕಡೆ ನಡೆದರು. ಅವಳು ಬರಿಗೈಯಲ್ಲಿ ಹಿಂಬಾಲಿಸಿದಳು.