ಇಲ್ಲದ ಕೆರೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಅತ್ತೆಗಾಗಿ ಕಾಯುತ್ತಿದ್ದ ಬಟ್ಟೆ ಹೊಲಿಯುವಾಕೆಗೆ ಪಕ್ಕದ ದಂಪತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಇತಿಹಾಸದ ಮೇಷ್ಟ್ರು; ಔಷಧಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಹೆಂಡತಿಯ ತೊಡೆಯ ಮೇಲೆ ಯೂನಿವರ್ಸಿಟಿ ಅವರ ಅಭಿಪ್ರಾಯ ಕೇಳಿ ಕಳಿಸಿದ ಹಾಳೆ.

“ಮಧ್ಯಯುಗದ ಸಂಶೋಧನಾ ತಂಡದ ಗುಣಮಟ್ಟ ಹೇಗಿದೆ ಅಂತ ಕೇಳಿದಾರೆ. ಏನು ಬರೀಲಿ?”

“ಪರವಾಗಿಲ್ಲ ಅಂತ ಬರಿ.”

“ಅವರ ಪುಸ್ತಕ ಹಿಡಿದು ಊಟಕ್ಕೂ ಏಳಲಿಲ್ವಲ್ರೀ!”

“ತಪ್ಪು ಹುಡುಕ್ತಿದ್ದೆ.”

“ಸಿಕ್ತಾ?”

“ಸಿಕ್ತು. ನಂದೇ. ಶಾಸನದಲ್ಲಿ ‘ಕೇರಿ’ ಅಂತಿದ್ದದ್ದನ್ನ ನಾನು ‘ಕೆರೆ’ ಅಂತ ಓದಿದ್ನಂತೆ. ‘ಗುರುಗಳ ತಪ್ಪೇ ನಮಗೆ ದಾರಿ ತೋರಿಸಿತು’ ಅಂತ ಆ ತಂಡದ ಮುಖ್ಯಸ್ಥೆ ಅಚ್ಚು ಹಾಕಿಸಿದಾಳೆ. ಹಳೇ ಲಿಪಿ ಓದೋಕೆ ನಾನೇ ಕಲಿಸಿದ ಹುಡುಗಿ! ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಏನು ಮುಳುಗಿಹೋಯ್ತು?”

“ಇಲ್ಲದ ಕೆರೇಲಿ ಮುಳುಗೋದು ಹೇಗೆ, ಬಿಡಿ.”

“ನಗಬೇಡ. ಉರೀತಿದೆ.”

“ಕಣ್ಣೋ, ಹೊಟ್ಟೆಯೋ?”

“‘ಉತ್ತಮ’ ಅಂತ ಬರಿ, ಸಾಕು. ಅದಕ್ಕಿಂತ ಮೇಲೆ ಹತ್ತಿಸಬೇಡ.”

ಹೆಂಡತಿ ಬರೆದರು. ಹೊಲಿಯುವಾಕೆಯ ಕಣ್ಣು ತಾನಾಗಿ ಅತ್ತ ಹೊರಳಿತು. ಹಾಳೆಯಲ್ಲಿದ್ದದ್ದು ‘ಅತ್ಯುತ್ತಮ’.

ಅಷ್ಟರಲ್ಲಿ ನರ್ಸ್ ಒಳಗಿನಿಂದ ಕೂಗಿದಳು. ಹೆಂಡತಿ ಬೆರಳಿಟ್ಟ ಜಾಗದಲ್ಲಿ ಮೇಷ್ಟ್ರು ಸಹಿ ಹಾಕಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

“ಎಲ್ಲಾ ಮಂಜು ಮಂಜು. ನಾನು ಹೇಳಿದ್ದನ್ನೇ ಬರೆದಿದೀಯ ತಾನೇ?”

“ಹೂಂ ರೀ,” ಎನ್ನುತ್ತಾ ಹೆಂಡತಿ ಅವರ ಕೈ ಹಿಡಿದು ನಡೆಸಿಕೊಂಡು ಹೊರಟರು. “ಒಂದಕ್ಷರ ಹೆಚ್ಚುಕಮ್ಮಿ ಆಗಿರಬಹುದು.”